ಅಮ್ಮನ ಮುಖದ ಕಿಲುಬು

ಅವನನ್ನು ‘ಅವರು’ ಎನ್ನಬೇಕು. ನನಗಿಂತ ಹತ್ತು ವರ್ಷ ದೊಡ್ಡವನು, ಹಾಲೆಂಡಿನ ಮೂರು ಊರುಗಳಲ್ಲಿ ಅವನು ಮಾಡಿದ ಕಂಚಿನ ಪ್ರತಿಮೆಗಳು ನಿಂತಿವೆ, ನಮ್ಮ ಮನೆಯಲ್ಲಿ ಒಂದು ವರ್ಷ ಊಟ ಮಾಡಿದವನು. ಆದರೆ ನನ್ನ ಬಾಯಿಗೆ ಬರುವುದಿಲ್ಲ. ಇದಕ್ಕಾಗಿ ಅಮ್ಮ ನನಗೆ ಬೈದದ್ದುಂಟು. ಬೈಸಿಕೊಂಡ ಮೇಲೂ ನಾನು ಬದಲಾಗಲಿಲ್ಲ, ಇಲ್ಲಿಯೂ ಬದಲಾಗುವುದಿಲ್ಲ.

ಮೊದಲ ದಿನವೇ ನಮಗೆ ಆಗಿಬರಲಿಲ್ಲ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಚೌತಿಯ ಮುಂಚಿನ ವಾರ, ನನ್ನ ಎಂಟನೇ ಕ್ಲಾಸಿನ ಮಕ್ಕಳು ಮಣ್ಣಿನ ಗಣಪತಿ ಮಾಡಿ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದರು. ವಿದೇಶದ ಶಿಲ್ಪಿ ಬಂದಿದ್ದಾರೆ, ಮಕ್ಕಳಿಗೆ ಎರಡು ಮಾತು ಹೇಳುತ್ತಾರೆ ಎಂದು ಹೆಡ್‌ಮಾಸ್ಟರು ಅವನನ್ನು ಕರೆದುಕೊಂಡು ಬಂದರು. ಉದ್ದ ಕಾಲಿನ, ಕೆಂಪು ಮೂತಿಯ ಮನುಷ್ಯ. ಒಂದು ಗಣಪತಿಯನ್ನು ಎತ್ತಿದ, ತಿರುಗಿಸಿದ, ಇಂಗ್ಲಿಷಿನಲ್ಲಿ ಹೇಳಿದ: “ನೀವು ಮಕ್ಕಳಿಗೆ ಮಿಠಾಯಿ ಮಾಡಲು ಕಲಿಸುತ್ತಿದ್ದೀರಿ.” ಇಂಗ್ಲಿಷ್ ಅರ್ಥವಾದ ಮಕ್ಕಳು ನಕ್ಕರು, ಅರ್ಥವಾಗದವರು ಅವರನ್ನು ನೋಡಿ ನಕ್ಕರು. ಆಮೇಲೆ ಅವನು ಹೆಬ್ಬೆರಳಿನಿಂದ ಆ ಸೊಂಡಿಲನ್ನು ಒಂದೇ ಒಂದು ಸಲ ಒತ್ತಿದ. ಗಣಪತಿಗೆ ಜೀವ ಬಂತು. ಮಿಠಾಯಿ ಎಂದದ್ದನ್ನು ನಾನು ಕ್ಷಮಿಸಬಹುದಿತ್ತು, ಈ ಒತ್ತಿದ್ದನ್ನು ಕ್ಷಮಿಸಲು ನನ್ನಿಂದ ಇವತ್ತಿಗೂ ಆಗಿಲ್ಲ.

ಹಾಗಾದರೆ ಮಂಗಳೂರು ಉರ್ವದ ನಮ್ಮ ಮನೆಯ ಹೊರಗಿನ ಎರಡು ಕೋಣೆಗಳನ್ನು ಅವನಿಗೆ ಯಾಕೆ ಬಿಟ್ಟುಕೊಟ್ಟೆ ಎಂದು ಎಲ್ಲರೂ ಕೇಳಿದರು. ಕಂಚಿಗಾಗಿ. ಇಪ್ಪತ್ತೆಂಟು ವರ್ಷ ಕಪ್ಪು ಹಲಗೆಯ ಮೇಲೆ ಹೂಜಿ, ಮಾವಿನಹಣ್ಣು, ಬಾಳೆಗಿಡ ಬರೆದವಳು ನಾನು. ಲೋಹ ಹೇಗೆ ಕರಗುತ್ತದೆ, ಹೇಗೆ ಮುಖವಾಗುತ್ತದೆ ಎಂದು ಹತ್ತಿರದಿಂದ ನೋಡುವ ಆಸೆ ನನಗೆ ಹುಡುಗಿಯಾಗಿದ್ದಾಗಿನಿಂದ ಇತ್ತು. ಅಪ್ಪ ಚಿಕ್ಕ ದೇವಸ್ಥಾನವೊಂದರ ಅರ್ಚಕರು. ಅರ್ಚಕರ ಮನೆಯ ಹುಡುಗಿ ಕುಲುಮೆಯ ಹತ್ತಿರ ಹೋಗಿ ನಿಲ್ಲುವುದುಂಟೇ? ಅಪ್ಪ ತೀರಿಹೋಗಿ, ನಾನೂ ಐವತ್ತು ದಾಟಿದ ಮೇಲೆ ಕೇಳುವವರು ಯಾರೂ ಇರಲಿಲ್ಲ, ಅಮ್ಮ ಒಬ್ಬಳ ಹೊರತು.

ಅವನ ಕೆಲಸ ನಡೆಯುತ್ತಿದ್ದುದು ಹೊಳೆಯ ಬದಿಯಲ್ಲಿ ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ. ಅಲ್ಲಿ ದೇವರ ವಿಗ್ರಹ, ಭೂತಕೋಲದ ದೈವಗಳ ಮೊಗ ಎರೆಯುವ ಹಿರಿಯ ಆಚಾರ್ರೊಬ್ಬರು ಕುಲುಮೆ ಇಟ್ಟುಕೊಂಡಿದ್ದರು. ಹೊಳೆಮಣ್ಣು, ಭತ್ತದ ಹೊಟ್ಟು, ಸೆಗಣಿ ಕಲಸಿ ಅವರು ಮಾಡುವ ಅಚ್ಚು ಉಸಿರಾಡುತ್ತದೆಯಂತೆ. ತನ್ನ ದೇಶದಲ್ಲಿ ಅದನ್ನು ಮರೆತು ನೂರಾರು ವರ್ಷವಾಯಿತು ಎಂದು ಅದನ್ನು ಕಲಿಯಲು ಇವನು ಇಲ್ಲಿಗೆ ಬಂದಿದ್ದ. ನಾನು ಶಾಲೆ ಮುಗಿಸಿ ಸ್ಕೂಟರಿನಲ್ಲಿ ಹೋಗಿ ಇಬ್ಬರ ನಡುವೆ ದುಭಾಷಿಯಾಗುತ್ತಿದ್ದೆ. ಇವನ ಬೈಗುಳ ತುಳುವಿಗೆ, ಅವರ ತಾಳ್ಮೆ ಇಂಗ್ಲಿಷಿಗೆ. ಆಚಾರ್ರು ಒಂದು ದಿನ ಹೇಳಿದರು: “ಟೀಚರ್, ಈ ಜನ ಕೆಲಸಗಾರ ಹೌದು. ಕೈಯಲ್ಲಿ ವಿದ್ಯೆ ಉಂಟು. ಆದ್ರೆ ಬಾಯಿ ಮಾತ್ರ ಎಂತ ಬಾಯಿ ಮಾರಾಯ್ರೆ!”

ಅವನ ಹಿಂದಿನ ಕಥೆ ನನಗೆ ಗೊತ್ತಾದದ್ದು ಒಂದು ದಪ್ಪ ಆಲ್ಬಮ್ಮಿನಿಂದ. ಸಮುದ್ರಕ್ಕಿಂತ ತಗ್ಗಿನಲ್ಲಿರುವ ಊರು. ತಂದೆ ಚರ್ಚಿನ ಗಂಟೆ ಎರೆಯುವವನು. ಹದಿನಾಲ್ಕನೇ ವಯಸ್ಸಿನಲ್ಲಿ ಇವನ ಎಡಗೈಗೆ ಕಾದ ಕಂಚು ಬಿದ್ದು ಅಂಗೈಯ ಗೆರೆಗಳೆಲ್ಲ ಹೋಗಿದ್ದವು. ಅಮ್ಮ ಆ ಕೈ ನೋಡಿ, “ಇವನ ಹಣೆಬರಹ ಜೋಯಿಸರಿಗೂ ಸಿಗ್ಲಿಕ್ಕಿಲ್ಲ” ಎಂದಿದ್ದಳು. ಫೋಟೋಗಳಲ್ಲಿ ಅವನ ಪ್ರತಿಮೆಗಳು: ಮೀನು ಮಾರುವ ಹೆಂಗಸು, ಯುದ್ಧದಲ್ಲಿ ಸತ್ತ ಅಂಚೆಯವನು, ಗಾಡಿಯಿಂದ ಬಿಚ್ಚಿದ ಮುದಿ ಕುದುರೆ. ಕುದುರೆಯನ್ನು ನೋಡಿ ನನಗೆ ಅಳು ಬಂತು, ಅವನಿಗೆ ಹೇಳಲಿಲ್ಲ. ಕೊನೆಯ ಪುಟದಲ್ಲಿ ಅವನ ಊರಿನ ಒಬ್ಬ ಶಾಲಾ ಶಿಕ್ಷಕಿ. ಆಕೆ ತೀರಿಕೊಂಡ ಮೇಲೆ ಊರವರು ಮಾಡಿಸಿದ್ದು. ಬಟ್ಟೆ ಸರಿಸಿದ ದಿನ ಆಕೆಯ ಹಳೆಯ ವಿದ್ಯಾರ್ಥಿಗಳು, ಇದು ನಮ್ಮ ಟೀಚರ್ ಅಲ್ಲ ಎಂದರಂತೆ. ವರ್ಷದೊಳಗೆ ಪ್ರತಿಮೆ ನಗರಸಭೆಯ ಗೋದಾಮು ಸೇರಿತು. ಅದನ್ನು ಹೇಳುವಾಗ ಅವನ ದನಿ ತಗ್ಗಿತು. ಹೆಂಡತಿ ಅದಕ್ಕಿಂತ ಮೊದಲೇ ಬಿಟ್ಟು ಹೋಗಿದ್ದಳು. ಆ ಹೆಂಗಸಿಗೆ ದೂರದಿಂದಲೇ ನನ್ನದೊಂದು ನಮಸ್ಕಾರ.

ಇಲ್ಲಿ ಅವನು ಮುಖ ಹುಡುಕುತ್ತಿದ್ದ. ಲಾಂಚಿನಲ್ಲಿ ಹೊಳೆಯಾಚೆಯ ಬೆಂಗ್ರೆಗೆ ಹೋಗಿ ಬಲೆ ನೇಯುವ ಒಬ್ಬ ಅಜ್ಜಿಯನ್ನು ಕೂರಿಸಿ ಶುರುಮಾಡಿದ. ಮೂರನೇ ದಿನ ದೋಣಿ ಬಂತೆಂದು ಆಕೆ ಅರ್ಧಕ್ಕೆ ಎದ್ದು ಹೋದವಳು ಮತ್ತೆ ಬರಲಿಲ್ಲ. ಅವನು ಮೈಯೆಲ್ಲ ಮಣ್ಣು ಮಾಡಿಕೊಂಡು, ಇಡೀ ಮಂಗಳೂರನ್ನು ಶಪಿಸುತ್ತಾ ನಮ್ಮ ಜಗಲಿ ಹತ್ತಿದ. ನಾನು ಖುಷಿಯಾಗಿ ಅವನಿಗೆ ಎರಡು ನೀರುದೋಸೆ ಹೆಚ್ಚು ಬಡಿಸಿದೆ. ಆಗ ಅಮ್ಮ ಚಟ್ನಿ ಹಿಡಿದುಕೊಂಡು ಹೊರಗೆ ಬಂದಳು. ಅವನು ತಿನ್ನುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಅಷ್ಟು ತಿಂಗಳು ಅವಳು ಬಡಿಸಿದ್ದನ್ನೇ ತಿಂದಿದ್ದರೂ ಅವತ್ತೇ ಅವನ ಕಣ್ಣಿಗೆ ಅವಳು ಬಿದ್ದದ್ದು.

ಅಮ್ಮನಿಗೆ ಆಗ ಎಂಬತ್ತೊಂದು. ಮೃದು ಹೆಂಗಸಲ್ಲ. ನನ್ನ ಬಾಲ್ಯದಲ್ಲಿ ಬೆಳಗ್ಗೆ ಅವಳು ಮಡಿಯಲ್ಲಿರುತ್ತಿದ್ದಳು, ಮುಟ್ಟುವಂತಿಲ್ಲ. ಮಧ್ಯಾಹ್ನ ಸುಸ್ತಾಗಿರುತ್ತಿದ್ದಳು, ಮಾತಾಡಿಸುವಂತಿಲ್ಲ. ಸಂಜೆ ನನ್ನ ತಪ್ಪುಗಳ ಲೆಕ್ಕ ಶುರುವಾಗುತ್ತಿತ್ತು. ಜೀವ ಇರುವವರನ್ನು ಲೋಹದಲ್ಲಿ ಎರೆಯಬಾರದು ಎನ್ನುವುದು ಅವಳದೇ ಮಾತು. ಆದ್ದರಿಂದ ನಿಮ್ಮ ತಲೆ ಮಾಡಲೇ ಎಂದು ಅವನು ಕೇಳಿದಾಗ ಅವಳು ಅವನ ಗ್ರಹಚಾರ ಬಿಡಿಸುತ್ತಾಳೆ ಎಂದು ನಾನು ಆಸೆಯಿಂದ ಕಾದೆ. ಅವಳು ಸೆರಗು ಸರಿಮಾಡಿಕೊಂಡು ಕೇಳಿದಳು: “ಯಾವಾಗ ಕೂತುಕೊಳ್ಬೇಕಂತೆ?”

ಎರಡು ತಿಂಗಳು, ಅವನ ಕೋಣೆಯಲ್ಲಿ, ಮಧ್ಯಾಹ್ನ ಮೂರರಿಂದ ಐದು. ಬೇಸಿಗೆ ರಜೆಯಾದ್ದರಿಂದ ನಾನೂ ದುಭಾಷಿಯಾಗಿ ಅಲ್ಲೇ ಕೂರಬೇಕಾಯಿತು. “ಮಾತಾಡಲು ಹೇಳು. ಸುಮ್ಮನೆ ಕೂತ ಮುಖ ಸತ್ತ ಮುಖ,” ಎಂದ. ಎಂತ ಮಾತಾಡುವುದು ಎಂದು ಅಮ್ಮ ಒಂದು ಸಲ ಕೇಳಿದಳು, ಮತ್ತೆ ಕೇಳಲಿಲ್ಲ. ಮನೆಯ ತುಳುವಿನಲ್ಲಿ ಅವಳ ಬಾಯಿ ಬಿಚ್ಚಿತು. ಮದುವೆಯ ಮರುದಿನ ದೋಣಿಯಲ್ಲಿ ಹೊಳೆ ದಾಟುವಾಗ ಹೊಟ್ಟೆ ತೊಳಸಿ ಅಪ್ಪನ ಹೊಸ ಜರಿಪಂಚೆಯ ಮೇಲೆ ಕಕ್ಕಿದ್ದಳಂತೆ. ಅಪ್ಪ ಯಾರಿಗೂ ಗೊತ್ತಾಗದಂತೆ ಪಂಚೆಯ ಅಂಚನ್ನು ನೀರಿಗಿಳಿಸಿ ಹಿಂಡಿದರಂತೆ. ಹೇಳುತ್ತಾ ಹೇಳುತ್ತಾ ಅಮ್ಮ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನನ್ನ ಐವತ್ತನಾಲ್ಕು ವರ್ಷದಲ್ಲಿ ಆ ಕಥೆ ನನಗೆ ಹೇಳಿರಲಿಲ್ಲ. ಆ ನಗುವನ್ನೂ ನಾನು ಕಂಡಿರಲಿಲ್ಲ. ಒಂದು ಸಲ ನೋಡಿ ಕಣ್ಣು ನೆಲಕ್ಕಿಳಿಸಿದೆ.

“ಏನಂತೆ?” ಎಂದು ಅವನು ಕೇಳಿದ.

“ಮದುವೆಯಾಗಿ ದೋಣಿಯಲ್ಲಿ ಬಂದರಂತೆ,” ಎಂದೆ.

“ಅದಕ್ಕೆ ಇಷ್ಟು ನಗುವೇ?”

“ಮುದುಕರು. ಎಲ್ಲದಕ್ಕೂ ನಗುತ್ತಾರೆ.”

ಹೌದು, ನಾನು ಮುಚ್ಚಿಟ್ಟೆ. ನನಗೆ ಸೇರಬೇಕಾದದ್ದನ್ನು ಕೆಂಪು ಮೂತಿಯವನ ಎಲೆಗೆ ಬಡಿಸುತ್ತಿದ್ದಳು, ನಾನೇ ಸೌಟು ಹಿಡಿಯಬೇಕಿತ್ತು. ದಿನವೂ ಅರ್ಧ ನುಂಗಿದೆ. ಒಂದು ದಿನ ಅಮ್ಮ ಮಣ್ಣು ಮೆತ್ತುವ ಅವನ ಕೈಯನ್ನೇ ನೋಡುತ್ತಾ ಹೇಳಿದಳು: “ಇವಳಿಗೂ ಸಣ್ಣದಿರುವಾಗ ಹೀಗೇ ಹುಚ್ಚು. ಚಿತ್ರದ ಪುಸ್ತಕ ಬಚ್ಚಲಿನ ಒಲೆಗೆ ಹಾಕಿದ್ದು ನಾನೇ. ಲೆಕ್ಕದಲ್ಲಿ ಫೇಲಾಗಿದ್ದಳಲ್ಲ. ಒಂದು ಹಾಳೆ ಮಾತ್ರ ಹರಿದು ತೆಗೆದಿಟ್ಟಿದ್ದೆ. ಆಚೆ ಮನೆಯ ದನದ್ದು. ದನ ಎದ್ದು ಬರುವ ಹಾಗೆ ಇತ್ತು. ಎಲ್ಲಿ ಹೋಯ್ತೋ ಎಂತದೋ.”

ಆ ಪುಸ್ತಕ ಉರಿದದ್ದು ನನಗೆ ನೆನಪಿದೆ. ನನಗೆ ಹತ್ತು ವರ್ಷ. ಹಾಳೆ ತೆಗೆದಿಟ್ಟದ್ದು ಗೊತ್ತಿರಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ. ಅವಳು ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು, ಮೇಜಿನ ಬಗ್ಗೆ ಹೇಳುವ ಹಾಗೆ.

“ಏನು ಹೇಳಿದರು?”

“ನೆರೆಮನೆಯವರು ದನ ಸಾಕುತ್ತಿದ್ದರಂತೆ.”

ಮಣ್ಣಿನ ಮುಖದಿಂದ ಮೇಣದ ಮುಖವಾಯಿತು. ಆಚಾರ್ರು ಅದರ ಮೇಲೆ ಪದರ ಪದರವಾಗಿ ಮಣ್ಣು ಬಳಿದು ಒಣಗಿಸಿದರು, ಸುಟ್ಟು ಮೇಣ ಹರಿಯಬಿಟ್ಟರು, ಆ ಖಾಲಿ ಜಾಗಕ್ಕೆ ಕರಗಿದ ಕಂಚು ಹೊಯ್ದರು. ಎರಡು ದಿನ ಆರಿದ ಮೇಲೆ ಅಚ್ಚನ್ನು ಒಡೆದರು. ಮಣ್ಣಿನ ಮುಖ ಮೊದಲೇ ಮುರಿದಿತ್ತು, ಮೇಣ ಹೋಯಿತು, ಅಚ್ಚೂ ಹೋಯಿತು. ಹಾಗಾಗಿ ಆ ತಲೆ ಒಂದೇ. ಇನ್ನೊಂದು ಮಾಡಲು ಬರುವುದಿಲ್ಲ. ಒಡೆದ ಮಣ್ಣಿನಿಂದ ಅಮ್ಮ ಹೊರಗೆ ಬಂದಳು. ಮೈಯೆಲ್ಲ ಮಸಿ, ಆದರೆ ಅದೇ ನಗು, ತುಟಿಗೆ ಬರುವ ಮೊದಲು ಕಣ್ಣಿನ ಕೆಳಗಿನ ಸಣ್ಣ ಗೆರೆಗಳಲ್ಲಿ ಸೇರಿಕೊಳ್ಳುವ ನಗು. ಆ ಮುಖ ನನಗೆ ಬೇಕು ಎಂದು ಅನ್ನಿಸಿದ್ದು ಆವಾಗ. ಬದುಕಿರುವ ಅಮ್ಮ ನನಗೆ ಕೊಡದ ಮುಖ ಅದು, ಕಂಚಿನದ್ದಾದರೂ ಸಿಗಲಿ.

ಉಳಿ ಹಿಡಿದು ಕಂಚಿನ ಒರಟನ್ನು ತೆಗೆಯುವ ಕೆಲಸ ಬಾಕಿ ಇತ್ತು. ನನಗೂ ಕೊಡು ಎಂದೆ. “ಕೂದಲು, ಕಿವಿ ನಿನಗೆ. ಮುಖ ಮುಟ್ಟಬೇಡ,” ಎಂದ. ಹದಿನೈದು ದಿನ ನನ್ನ ಅಮ್ಮನ ಕಿವಿಯ ಹಿಂದೆ ಕೂತು ಕೆರೆದೆ. ಕೊನೆಗೆ ಕೇಳಿಯೇಬಿಟ್ಟೆ, ಈ ತಲೆಯನ್ನು ಇಲ್ಲೇ ಬಿಟ್ಟು ಹೋಗು ಎಂದು. ಅವನು ಉಳಿ ಕೆಳಗಿಡಲೂ ಇಲ್ಲ. ಇದು ತನ್ನ ಊರಿಗೆ ಹೋಗುತ್ತದೆ, ಶಿಕ್ಷಕಿಯನ್ನು ಗೋದಾಮಿಗೆ ಹಾಕಿದವರ ಎದುರೇ ಇದನ್ನು ಇಡುತ್ತೇನೆ, ಅವರು ಬಾಯಿ ಮುಚ್ಚಬೇಕು ಎಂದ.

“ಅವಳು ನನ್ನ ಅಮ್ಮ,” ಎಂದೆ.

“ನೀನು ಯಾವತ್ತಾದರೂ ಅವರ ಮುಖ ನೋಡಿದ್ದೀಯಾ? ಎರಡು ತಿಂಗಳು ನೆಲ ನೋಡಿಕೊಂಡು ಕೂತಿದ್ದೆ.”

ಅಂದಿನಿಂದ ನಾವಿಬ್ಬರೂ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಅವನು ಮೂರು ವಾರ ಕಂಚಿಗೆ ಬಣ್ಣ ಬರಿಸಿದ. ಬೆಂಕಿಯ ಜ್ವಾಲೆ ಹಿಡಿಯುವುದು, ಯಾವುದೋ ದ್ರಾವಣ ಬ್ರಶ್ಶಿನಲ್ಲಿ ಹಚ್ಚುವುದು, ಮತ್ತೆ ಜ್ವಾಲೆ, ಮತ್ತೆ ದ್ರಾವಣ. ಕಂದು, ಅದರೊಳಗೆ ಕಪ್ಪು, ಕಣ್ಣಿನ ಗುಳಿಯಲ್ಲಿ, ಗಲ್ಲದ ಮಡಿಕೆಯಲ್ಲಿ ತೆಳುವಾದ ಹಸಿರು. ಮೇಲಿನಿಂದ ಜೇನುಮೇಣದ ಒಂದು ಕೈ. ಈ ಬಣ್ಣಕ್ಕೆ ಪ್ಯಾಟಿನಾ ಎಂದು ಹೇಳುತ್ತಿದ್ದ, ದೇವರ ಹೆಸರು ಹೇಳುವ ಹಾಗೆ. ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಬೇಕು. ನೂರು ವರ್ಷದ ಮಳೆಬಿಸಿಲು ಕಂಡ ಮುಖದ ಹಾಗೆ ಇತ್ತು.

ಒಂದು ಗುರುವಾರ ಬೆಳಗ್ಗೆ ಅದನ್ನು ಆಟೋದಲ್ಲಿ ಮನೆಗೆ ತಂದು ಜಗಲಿಯ ಮೇಜಿನ ಮೇಲಿಟ್ಟ. ಮರುದಿನ ಬಜಪೆಯಿಂದ ವಿಮಾನಕ್ಕೆ ಹಾಕುವುದಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಸುತ್ತಲೂ ನೋಡಿದಳು, ಹಸಿರಾದ ಗಲ್ಲಕ್ಕೆ ಬೆರಳು ತಾಗಿಸಿದಳು, ಬೆರಳನ್ನು ಮೂಸಿದಳು, ಸೆರಗಿಗೆ ಒರೆಸಿಕೊಂಡಳು. ಅವನು ಮರದ ಪೆಟ್ಟಿಗೆ ಮಾಡಿಸಲು ಬಡಗಿಯ ಹತ್ತಿರ ಹೋದ. ನಾನು ಶಾಲೆಗೆ ಹೋದೆ.

ಸಂಜೆ ಇಬ್ಬರೂ ಗೇಟಿನಲ್ಲೇ ಎದುರಾದೆವು, ಒಟ್ಟಿಗೇ ಒಳಗೆ ಬಂದೆವು. ಬಾವಿಕಟ್ಟೆಯ ಹತ್ತಿರ ಅಮ್ಮ ಕುಕ್ಕರಗಾಲಿನಲ್ಲಿ ಕೂತಿದ್ದಳು. ಎದುರಿಗೆ ಕವುಚಿ ಹಾಕಿದ ಹರಿವಾಣದ ಮೇಲೆ ಅವಳ ತಲೆ. ಪಕ್ಕದಲ್ಲಿ ಬಿಸಿನೀರಿನ ಚೆಂಬು, ಜಜ್ಜಿದ ಹುಳಿ ಬಿಂಬುಳಿ ಕಾಯಿ, ಬೂದಿ, ತೆಂಗಿನ ನಾರು. ಮೊದಲು ಬಿಸಿನೀರು ಹೊಯ್ದು ಮೇಣದ ಜಿಡ್ಡು ತೆಗೆದಿದ್ದಳು, ಆಮೇಲೆ ಹುಳಿ, ಆಮೇಲೆ ಬೂದಿ. ಅರವತ್ತು ವರ್ಷ ದೇವಸ್ಥಾನದ ದೀಪ, ತಂಬಿಗೆ, ಆರತಿ ತಿಕ್ಕಿದ ಕೈ. ಕೆಲಸದಲ್ಲಿ ಕೊರತೆ ಇರಲಿಲ್ಲ. ಮೂರು ವಾರದ ಬಣ್ಣದಲ್ಲಿ ಒಂದು ಚುಕ್ಕಿಯೂ ಉಳಿದಿರಲಿಲ್ಲ. ತಲೆ ಬಿಸಿಲಿನಲ್ಲಿ ಹೊಸ ಕೊಪ್ಪರಿಗೆಯಂತೆ ಹೊಳೆಯುತ್ತಿತ್ತು.

ಅವನು ಕಿರುಚಿದ. ಅವನ ಭಾಷೆಯಲ್ಲೇ ಕಿರುಚಿದ, ನಾರನ್ನು ಕಸಿದು ಬಾವಿಯ ಆಚೆಗೆ ಎಸೆದ. ಅಮ್ಮ ಕತ್ತೆತ್ತಿ ಅವನನ್ನು ನೋಡಿ ನನಗೆ ಹೇಳಿದಳು: “ಇವನಿಗೆ ಎಂತಾಯ್ತು? ಮೈಯೆಲ್ಲ ಕಿಲುಬು ಹಿಡಿದಿತ್ತು. ಹಾಗೇ ಪೆಟ್ಟಿಗೆಗೆ ಹಾಕಿ ಪರದೇಶಕ್ಕೆ ಕಳಿಸ್ಲಿಕ್ಕೆ ಉಂಟಾ? ನೋಡಿದವರು ಎಂತ ಹೇಳಿಯಾರು?”

ನನಗೆ ಒಳಗಿನಿಂದ ನಗು ಉಕ್ಕಿತು. ಈ ಜನ್ಮದಲ್ಲಿ ಅಮ್ಮನ ಮೇಲೆ ಅಷ್ಟು ಪ್ರೀತಿ ನನಗೆ ಬೇರೆ ಯಾವಾಗಲೂ ಬಂದದ್ದಿಲ್ಲ. ಇನ್ನು ಮತ್ತೆ ಬಣ್ಣ ಹಾಕಲು ಅವನಿಗೆ ದಿನವಿಲ್ಲ. ವೀಸಾ ಆ ವಾರ ಮುಗಿಯುವುದಿತ್ತು. ತಲೆ ನನ್ನದಾಗುತ್ತದೆ ಎಂದು ಆಗಲೇ ಲೆಕ್ಕ ಹಾಕಿದೆ.

ಅವನು ನನ್ನ ಕಡೆ ತಿರುಗಿದ. “ಯಾಕೆ ಎಂದು ಕೇಳು. ನಾಳೆಯವರೆಗೆ ಕಾಯಬಾರದಿತ್ತೇ? ಯಾರಿಗೆ ಅವಸರವಿತ್ತು, ಕೇಳು.”

ಕೇಳಿದೆ. ಅಮ್ಮ ಸೆರಗಿನಿಂದ ಕಂಚಿನ ಹಣೆಯ ನೀರು ಒರೆಸುತ್ತಾ, ನನ್ನ ಎದುರಿಗೇ, ಅವನಿಗೆ ಹೇಳಿದಳು: “ನಾನು ಸತ್ತ ಮೇಲೆ ಇವಳು ಒಂದು ಸಲವೂ ತಿಕ್ಕುವವಳಲ್ಲ. ಇವಳಿಗೆ ನಾನು ಬೇಡ. ಅದಕ್ಕೆ ಕೈಯಲ್ಲಿ ಬಲ ಇರುವಾಗ ನಾನೇ ತಿಕ್ಕಿದ್ದು.”

ಅವನು ಕಾಯುತ್ತಿದ್ದ.

“ತಪ್ಪಾಯಿತಂತೆ,” ಎಂದೆ ಇಂಗ್ಲಿಷಿನಲ್ಲಿ. “ಕ್ಷಮೆ ಕೇಳುತ್ತಿದ್ದಾರೆ.”

ಅವನು ನನ್ನನ್ನು ನೋಡಿದ. ಕೋಪವೆಲ್ಲ ಇಳಿದುಹೋಗಿತ್ತು. ಆಮೇಲೆ ನಿಧಾನವಾಗಿ, ಶೆಡ್ಡಿನ ಕೆಲಸದವರ ತುಳುವಿನಲ್ಲಿ ಹೇಳಿದ: “ಅಮ್ಮ ಅಂಚ ಪಂತಿಜೆರ್.” ಅಮ್ಮ ಹಾಗೆ ಹೇಳಲಿಲ್ಲ, ಎಂದು.

ಒಂದು ವರ್ಷ ತುಳು ಆಡುವವರ ಕುಲುಮೆಯ ಬದಿಯಲ್ಲಿ ಕಳೆದವನು. ಹಾಗಾದರೆ ದೋಣಿಯೂ ಗೊತ್ತಿತ್ತು, ಪಂಚೆಯೂ ಗೊತ್ತಿತ್ತು, ದನವೂ ಗೊತ್ತಿತ್ತು. ಎರಡು ತಿಂಗಳು ನಾನು ನುಂಗಿದ್ದನ್ನೆಲ್ಲ ಅವನು ಕೇಳಿಸಿಕೊಂಡು ಸುಮ್ಮನೆ ಮಣ್ಣು ಮೆತ್ತಿದ್ದ. ನನ್ನ ಮುಖ ಕಾಯಿತು. ಅವನು ಚೀಲದಿಂದ ಅರ ತೆಗೆದು, ಅಮ್ಮನ ಕಂಚಿನ ಕುತ್ತಿಗೆಯ ಹಿಂದೆ ಕೆತ್ತಿದ್ದ ತನ್ನ ಗುರುತನ್ನು ಉಜ್ಜಿ ಉಜ್ಜಿ ಅಳಿಸಿದ. ಇದು ತನ್ನ ಕೆಲಸವಲ್ಲ, ಇಟ್ಟುಕೋ ಎಂದ. ಅಮ್ಮನಿಗೆ ಬಗ್ಗಿ ಕೈ ಮುಗಿದ. ನನಗೆ ಮುಗಿಯಲಿಲ್ಲ. ಮರುದಿನ ಬಜಪೆಗೆ ಹೋಗುವಾಗ ಗೇಟಿನವರೆಗೂ ನಾನು ಹೋಗಲಿಲ್ಲ.

ಅದಾದ ಮೇಲೆ ಅಮ್ಮ ಒಂಬತ್ತು ತಿಂಗಳು ಇದ್ದಳು. ಆ ಮಾತಿನ ಬಗ್ಗೆ ನಾನು ಕೇಳಬಹುದಿತ್ತು. ನೀನು ನನಗೆ ಬೇಕು ಎಂದು ಹೇಳಬಹುದಿತ್ತು. ಹೇಳಿದರೆ ಅವಳು ಏನಾದರೂ ಚುಚ್ಚುತ್ತಾಳೆ ಎಂದು ಹೆದರಿ ಬಿಗಿಯಾಗಿಯೇ ಇದ್ದೆ, ಅವಳೂ ಹಾಗೆಯೇ ಇದ್ದಳು. ತೀರಿಕೊಂಡ ಬೆಳಗ್ಗೆ ನಾನು ಶಾಲೆಯಲ್ಲಿದ್ದೆ.

ಹದಿಮೂರನೆಯ ದಿನ ಕಳೆದು ಬಂದ ಮೊದಲ ಶುಕ್ರವಾರವೇ ತಲೆಯನ್ನು ಬಾವಿಕಟ್ಟೆಗೆ ತಂದೆ. ಭಕ್ತಿಯಿಂದಲ್ಲ, ಸಿಟ್ಟಿನಿಂದ. ಒಂದು ಸಲವೂ ತಿಕ್ಕುವುದಿಲ್ಲ ಎಂದಿದ್ದಳಲ್ಲ? ತಿಕ್ಕಿದೆ. ಮುಂದಿನ ಶುಕ್ರವಾರವೂ ತಿಕ್ಕಿದೆ. ನಮ್ಮ ಊರಿನ ಉಪ್ಪುಗಾಳಿಗೆ ಕಂಚು ಎರಡೇ ದಿನದಲ್ಲಿ ಮಂಕಾಗುತ್ತದೆ. ಅದು ಮಂಕಾದಾಗಲೆಲ್ಲ ಅಮ್ಮ ಬಂದು ‘ನಾನು ಹೇಳ್ಲಿಲ್ಲವಾ’ ಎಂದ ಹಾಗಾಗುತ್ತದೆ. ಹುಳಿ, ಬೂದಿ, ನಾರು. ಜ್ವರವಿದ್ದಾಗಲೂ ಬಿಡಲಿಲ್ಲ. ಹೀಗೆ ಐದು ವರ್ಷ.

ಶೆಡ್ಡಿನ ಯಾರಿಂದಲೋ ಸುದ್ದಿ ತಿಳಿದಿರಬೇಕು, ಅವನು ಒಮ್ಮೆ ಇಮೇಲ್ ಬರೆದ. ಬೈಗುಳ ಇರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಮುಖವನ್ನು ಬೂದಿಯಿಂದ ತಿಕ್ಕಬೇಡ, ಕಣ್ಣಿನ ಕೆಳಗಿನ ಗೆರೆಗಳು ಕೂದಲೆಳೆಯಷ್ಟೇ ಆಳ, ಸವೆದುಹೋಗುತ್ತವೆ, ಸುಮ್ಮನೆ ಬಿಟ್ಟರೆ ನಿಮ್ಮ ಗಾಳಿಯೇ ಅದಕ್ಕೆ ಬಣ್ಣ ಕೊಡುತ್ತದೆ ಎಂದು ಬರೆದಿದ್ದ. ನನಗೆ ಹೇಳಿಕೊಡಲು ಇವನು ಯಾರು? ಉತ್ತರಿಸಲಿಲ್ಲ. ಆ ವಾರ ಇನ್ನೂ ಗಟ್ಟಿಯಾಗಿ ತಿಕ್ಕಿದೆ.

ಕಳೆದ ತಿಂಗಳು ಅಮ್ಮನ ತಂಗಿ ಬಂದಿದ್ದಳು. ಚಿಕ್ಕಮ್ಮನಿಗೂ ಎಂಬತ್ತಾಗುತ್ತಾ ಬಂತು, ಕಣ್ಣು ಇನ್ನೂ ಚುರುಕು. ಎಷ್ಟೋ ವರ್ಷಗಳಿಂದ ಬರಲಾಗಿರಲಿಲ್ಲ. ಕಾಫಿ ಕುಡಿಯುತ್ತಾ ಮೂಲೆಯಲ್ಲಿದ್ದ ತಲೆಯನ್ನು ನೋಡಿದಳು, ಎದ್ದು ಹತ್ತಿರ ಹೋಗಿ ನೋಡಿದಳು.

“ಭಾರೀ ಹೊಳಪು ಉಂಟು,” ಎಂದಳು. “ಯಾರದ್ದು ಇದು?”

ನಾನೂ ಎದ್ದು ಹತ್ತಿರ ಹೋದೆ. ಅವಳು ಬೆನ್ನು ಬಗ್ಗಿಸಿ ಮತ್ತೊಮ್ಮೆ ನೋಡಿದಳು. ಕಣ್ಣಿನ ಕೆಳಗೆ ಗೆರೆಗಳಿಲ್ಲ. ತುಟಿಯ ತುದಿ ಎಲ್ಲಿ ಮುಗಿಯುತ್ತದೆಂದು ತಿಳಿಯುವುದಿಲ್ಲ. ಹಣೆ, ಕೆನ್ನೆ, ಗಲ್ಲ ಎಲ್ಲವೂ ನುಣುಪು. ಮುಟ್ಟಬೇಡ ಎಂದ ಮುಖವನ್ನು ನಾನು ವಾರವಾರ ಮುಟ್ಟಿ ಮುಟ್ಟಿ ತೆಗೆದುಹಾಕಿದ್ದೆ.

“ಅಮ್ಮನದ್ದು,” ಎಂದೆ.

ಚಿಕ್ಕಮ್ಮ ನನ್ನನ್ನು ನೋಡಿದಳು, ಅದನ್ನು ನೋಡಿದಳು, “ಹೌದಾ?” ಎಂದಳು. ಅವಳಿಗೆ ನಂಬಿಕೆ ಬರಲಿಲ್ಲ. ಅವಳನ್ನು ಬಸ್ ಹತ್ತಿಸಿ ಬಂದು ನಾನು ತುಂಬಾ ಹೊತ್ತು ಆ ತಲೆಯ ಎದುರು ಕೂತೆ. ಎರಡು ತಿಂಗಳು ಎದುರಿಗಿದ್ದರೂ ನೆಲ ನೋಡುತ್ತಾ ನಾನು ಕಳೆದುಕೊಂಡ ಆ ನಗುವನ್ನು ನೆನಪು ಮಾಡಿಕೊಳ್ಳಲು ಹೊರಟೆ, ಬರಲಿಲ್ಲ. ಮರುದಿನ ಶುಕ್ರವಾರ. ಬಿಟ್ಟುಬಿಡಬೇಕು ಎಂದು ನಿಶ್ಚಯಿಸಿಯೇ ಎದ್ದೆ. ಬಲಗೆನ್ನೆಯ ಮೇಲೆ ಚೂರು ಹಸಿರು ಕಂಡಿತು, ಒಲೆಗೆ ಬಿಸಿನೀರು ಇಟ್ಟೆ.